ವೆಂಟಿಲೇಟರ್ ಹಾಕಿದ ಮ್ಯಾಲ ಒಳಗ ಏನ್ ಮಾಡ್ತಾರ್ರಿ? ಐಸಿಯುದಾಗ ದುಡದವ್ರು ಯಾರರ ಇದ್ರ ಹೇಳ್ರಿ

ಜಮಖಂಡಿ ಹುಡುಗ

ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಜಮಖಂಡಿ ಹತ್ರ ಹಳ್ಳಿ. 2021ರ ಮೇ ತಿಂಗಳದಾಗ ನಮ್ಮಪ್ಪಗ ಕೊರೊನಾ ಆಗಿ ವಿಜಯಪುರಕ್ಕ ಒಯ್ದಿದ್ವಿ, ಗಾಡಿ ಇಳದು ತಾನ ನಡಕೊಂತ ಒಳಗ ಹೋಗಿದ್ದ. ಮೊದಲ ಆಕ್ಸಿಜನ್ ಮಾಸ್ಕ್ ಹಾಕಿದ್ರು, ಆಮ್ಯಾಲ ಬೈಪ್ಯಾಪ್ (ಬಿಗಿ ಮಾಸ್ಕಿನಿಂದ ಗಾಳಿ ಒತ್ತೂ ಮಷಿನ್) ಅಂದ್ರು, ಆಮ್ಯಾಲ ವೆಂಟಿಲೇಟರ್ ಹಾಕ್ಬೇಕು ಸಹಿ ಮಾಡ್ರಿ ಅಂದ್ರು, ಮಾಡಿದೆ. ಜೀವಂತ ವಾಪಸ್ ಬರ್ಲಿಲ್ಲ. ರೆಮ್‌ಡೆಸಿವಿರ್ ಇಂಜೆಕ್ಷನ್ ಬರದ್ಕೊಟ್ಟಿದ್ರು, ಸೊಲ್ಲಾಪುರ ಮಟ ಅಲದಾಡಿದ್ರೂ ಪೂರಾ ಕೋರ್ಸ್ ಸಿಗ್ಲಿಲ್ಲ. ಊರಾಗ ಮಂದಿ ಈಗೂ ಅಂತಾರ, ನಡಕೊಂತ ಹೋದಾಂವ ವೆಂಟಿಲೇಟರ್ ಹಾಕಿದ್ದಕ್ಕ ಹೋದ ಅಂತ. ಅವ್ವನೂ ಅದನ್ನ ನಂಬ್ಯಾಳ.

ಈಗ ಯಾಕ ಕೇಳಾಕತ್ತೀನಿ ಅಂದ್ರ ನನ್ನ ತಂಗಿ ಬಿಎಸ್ಸಿ ನರ್ಸಿಂಗ್ ಮುಗಿಸ್ಯಾಳ, ಐಸಿಯುದಾಗ ಕೆಲಸ ಸಿಕ್ಕೈತಿ, ಅವ್ವ ಮಾತ್ರ ಆ ಖೋಲಿ ಒಳಗ ನನ್ನ ಮಗಳ್ನ ಕಳಿಸಂಗಿಲ್ಲ ಅಂತ ಹಟ ಹಿಡದಾಳ. ನನಗ ಮೂರೂ ವಿಷಯ ತಿಳೀಬೇಕ್ರಿ. ವೆಂಟಿಲೇಟರ್‌ನಿಂದನ ಹೋದ್ರಾ? ಇಂಜೆಕ್ಷನ್ ಪೂರಾ ಸಿಕ್ಕಿದ್ರ ಉಳೀತಿದ್ರಾ? ಒಳಗ ನಿಜವಾಗ್ಲೂ ಏನ್ ಮಾಡ್ತಿದ್ರಿ?

ಐಸಿಯು ಡಾಕ್ಟರ್ ವಿಜಯಪುರ

ನಾ ಇಲ್ಲೇ ವಿಜಯಪುರದಾಗ ಐಸಿಯು ಡಾಕ್ಟರ್ ಇದ್ದೀನ್ರಿ, ಎರಡೂ ಅಲೆಯೊಳಗ ಡ್ಯೂಟಿ ಮಾಡೀನಿ. ನಿಮ್ಮ ಅಪ್ಪಾರ ಕೇಸ್ ಪೇಪರ್ ನಾ ನೋಡಿಲ್ಲ, ಅದಕ್ಕ ಅವರ ಬಗ್ಗೆ ನಾ ತೀರ್ಪು ಕೊಡಾಂಗಿಲ್ಲ. ಆದ್ರ ಸಹಿ ಹಾಕಿದ್ದಕ್ಕ ಹೋದ್ರು ಅನ್ನೂದನ್ನ ಮಾತ್ರ ಇವತ್ತ ತಲಿಯಿಂದ ತಗದ್ಹಾಕ್ರಿ.

ನಡಕೊಂತ ಒಳಗ ಬಂದವ್ರು ಅಂದ್ರಿ. ಹಂಗ ಬಂದವ್ರು ಭಾಳ ಮಂದಿ ಇದ್ರು. ಈ ರೋಗದಾಗ ಸ್ಯಾಚುರೇಷನ್, ಅಂದ್ರ ರಕ್ತದಾಗಿನ ಆಕ್ಸಿಜನ್, ನೂರಕ್ಕ 70ಕ್ಕ ಇಳದಿದ್ರೂ ಮನಷ್ಯಾ ಫೋನಿನ್ಯಾಗ ಮಾತಾಡ್ಕೊಂತ ಕುಂತಿರ್ತಿದ್ದ, ದಮ್ಮು ಹತ್ತಿದ್ದು ಅವಗೇ ಗೊತ್ತಾಗ್ತಿರ್ಲಿಲ್ಲ. ಮನಿಯವ್ರಿಗೆ ಆರಾಮ ಅದಾರ ಅಂತ ಕಾಣ್ತಿತ್ತು, ನಮಗ ಎಕ್ಸ್‌ರೇ ನೋಡಿದ್ರ ಎರಡೂ ಕಡೆ ಬೆಳ್ಳಗ ಆಗಿರ್ತಿತ್ತು. ಮಾಸ್ಕ್ ಸಾಲದವ್ರಿಗೆ ಬೈಪ್ಯಾಪ್, ಬೈಪ್ಯಾಪ್ ಸಾಲದವ್ರಿಗೆ ಟ್ಯೂಬು ಮತ್ತ ವೆಂಟಿಲೇಟರು. ಅಲ್ಲಿ ಮಟ ಹೋಗೂ ಪೇಷಂಟ್ ಅಂದ್ರ ಎಲ್ಲಾರಕಿಂತ ಜಾಸ್ತಿ ಸೀರಿಯಸ್ ಇದ್ದವ್ರು, ಅದಕ್ಕ ಅಲ್ಲೇ ಸಾವು ಜಾಸ್ತಿ. ಮಂದಿ ಅದನ್ನ ಉಲ್ಟಾ ತಿಳ್ಕೊಂಡಾರ.

ವೆಂಟಿಲೇಟರ್ ರೋಗ ವಾಸಿ ಮಾಡಂಗಿಲ್ರಿ. ಉಸಿರಾಡೂ ಕೆಲಸ ಅದು ಮಾಡ್ತದ, ಅಷ್ಟರಾಗ ಲಂಗ್ಸ್ ತಾವ ಸುಧಾರಿಸ್ಕೊಬೇಕು. ಹಾಂ, ಗಾಳಿ ಜೋರಾಗಿ ತುಂಬಿದ್ರ ಲಂಗ್ಸ್‌ಗೆ ಪೆಟ್ಟು ಬೀಳ್ತದ, ಅದೂ ಖರೆ. 2000ದಾಗ ಅಮೆರಿಕದ ಒಂದ್ ದೊಡ್ಡ ಟ್ರಯಲ್ ಬಂತು, ಎತ್ತರ ನೋಡಿ ತಗದ ತೂಕದ ಲೆಕ್ಕದ ಮ್ಯಾಲ ಕೆಜಿಗೆ 12 ಎಂಎಲ್ ಬದ್ಲಿ 6 ಎಂಎಲ್‌ನಷ್ಟು ಸಣ್ಣ ಉಸಿರು ಕೊಟ್ರ ಸಾವು ನೂರಕ್ಕ 40ರಿಂದ 31ಕ್ಕ ಇಳೀತು. ಆಮ್ಯಾಲ ಜಗತ್ತಿನ ಐಸಿಯುದಾಗ ಸಾವಕಾಶ ಅದೇ ಲೆಕ್ಕ ಬಂತು. ಮಷಿನ್ ಅದೇ, ನಡೆಸೂ ರೀತಿ ಅಷ್ಟ ಬದಲಾತು.

ಇನ್ನೊಂದ್, ಲಂಗ್ಸ್‌ಗೆ ಗಾಳಿ ಛಲೋ ಹೋಗ್ಲಿ ಅಂತ ಪೇಷಂಟ್‌ನ ಬೋರಲ ಹಾಕೂದು. ನೀವು ಒಳಗ ಏನ್ ಮಾಡ್ತಿದ್ರಿ ಅಂತ ಕೇಳಿದ್ರಲಾ, ದಿನದ ಅರ್ಧಾ ಶಕ್ತಿ ಇದಕ್ಕ ಹೋಗ್ತಿತ್ತು. ಪೇಷಂಟ್‌ಗೆ ನಿದ್ದಿ ಔಷಧ ನಡದಿರ್ತದ, ಬಾಯಾಗ ಟ್ಯೂಬು, ಕುತ್ತಿಗ್ಯಾಗ ಲೈನು, ಕೆಳಗ ಮೂತ್ರದ ಕ್ಯಾಥೆಟರು. ತಲಿ ಕಡೆ ಒಬ್ರು ಟ್ಯೂಬ್ ಹಿಡದು ನಿಲ್ಬೇಕು, ಅದು ಜಾರಿತಂದ್ರ ಮುಗೀತು, ಆ ಕಡೆ ಇಬ್ರು ಈ ಕಡೆ ಇಬ್ರು, ಟ್ಯೂಬ್ ಹಿಡದವ್ರು ಒಂದ್ ಎರಡ್ ಮೂರ್ ಅಂದಾಗ ಎಲ್ಲಾರೂ ಕೂಡೇ ತಿರಗಿಸ್ಬೇಕು, ಆಮ್ಯಾಲ ಎದಿ ಕೆಳಗ ದಿಂಬು, ಸೊಂಟದ ಕೆಳಗ ದಿಂಬು, ಹೊಟ್ಟಿಗೆ ಭಾರ ಬೀಳಬಾರ್ದು, ಕಣ್ಣಿಗೆ ಜೆಲ್ ಹಾಕಿ ಟೇಪ್ ಹಚ್ಚೂದು, ಇಸಿಜಿ ಪಟ್ಟಿ ಬೆನ್ನಿಗೆ ಹಚ್ಚೂದು. ಮೇ ತಿಂಗಳ ವಿಜಯಪುರದ ಸೆಕೆಯೊಳಗ ಪಿಪಿಇ ಹಾಕ್ಕೊಂಡು. ಹದಿನಾರ ತಾಸು ಬೋರಲ, ಮತ್ತ ಅಂಗಾತ, ಮತ್ತ ಬೋರಲ. ಫ್ರಾನ್ಸಿನ 2013ರ ಟ್ರಯಲ್ ಪ್ರಕಾರ ಭಾಳ ಸೀರಿಯಸ್ ಲಂಗ್ಸ್ ಇದ್ದವ್ರಾಗ ಸಾವು ನೂರಕ್ಕ 33ರಿಂದ 16ಕ್ಕ ಇಳದಿತ್ತು. ಇದಕ್ಕ ಒಂದ್ ರೂಪಾಯಿ ಔಷಧ ಬ್ಯಾಡ, ಐದ್ ಮಂದಿ ಬೇಕು. ಆ ಐದ್ ಮಂದಿನ ಸಿಗ್ತಿರ್ಲಿಲ್ಲ.

ಇನ್ನ ನಿಮ್ಮ ಇಂಜೆಕ್ಷನ್ ಮಾತು. ರೆಮ್‌ಡೆಸಿವಿರ್ ಪೂರಾ ಸಿಕ್ಕಿದ್ರ ಅಪ್ಪ ಉಳೀತಿದ್ರು ಅಂತ ರಾತ್ರಿ ನಿದ್ದಿಗೆಡಬ್ಯಾಡ್ರಿ. ಡಬ್ಲ್ಯೂಎಚ್‌ಒ ನಡೆಸಿದ ಸಾಲಿಡಾರಿಟಿ ಟ್ರಯಲ್ 2020ರ ಅಕ್ಟೋಬರ್‌ನ್ಯಾಗ ಹೇಳಿತ್ತು, ಅದರಿಂದ ಸಾವು ತಪ್ಪಿದ್ದು ಕಾಣ್ಲಿಲ್ಲ ಅಂತ, ಅದ್ರಾಗೂ ವೆಂಟಿಲೇಟರ್ ಮ್ಯಾಲ ಇದ್ದವ್ರಿಗೆ ಏನೂ ಲಾಭ ಆಗ್ಲಿಲ್ಲ. ಪ್ಲಾಸ್ಮಾದ್ದೂ (ಕೊರೊನಾದಿಂದ ಆರಾಮ ಆದವ್ರ ರಕ್ತದ ನೀರು ಏರಿಸೂದು) ಅದೇ ಕಥಿ, ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ನಮ್ಮ ಐಸಿಎಂಆರ್‌ನವ್ರೇ 39 ಆಸ್ಪತ್ರ್ಯಾಗ 464 ಮಂದಿ ಮ್ಯಾಲ ಟ್ರಯಲ್ ಮಾಡಿ ಫರಕ್ ಇಲ್ಲ ಅಂತ 2020ರಾಗೇ ಪ್ರಿಂಟ್ ಮಾಡಿದ್ರು, ಆದ್ರೂ ಗೈಡ್‌ಲೈನ್‌ನಿಂದ ತಗದದ್ದು 2021ರ ಮೇದಾಗ. ಅಲ್ಲೀ ಮಟ ಮಂದಿ ಡೋನರ್ ಹುಡುಕ್ಕೊಂತ ವಾಟ್ಸಪ್ ತುಂಬ ಮೆಸೇಜ್ ಹಾಕಿದ್ದೇ ಹಾಕಿದ್ದು. ಮತ್ತ ಜೀವಾ ಉಳಿಸಿದ್ದು ಯಾವ್ದು? ಡೆಕ್ಸಾಮೆಥಾಸೋನ್. ಹಳ್ಳಿ ಮೆಡಿಕಲ್ ಅಂಗಡ್ಯಾಗೂ ಸಿಗೂ ಅಗ್ಗದ ಸ್ಟಿರಾಯ್ಡ್, ದಿನಕ್ಕ 6 ಎಂಜಿ, ಹತ್ ದಿನ. ಆಕ್ಸ್‌ಫರ್ಡ್‌ನವ್ರ ರಿಕವರಿ ಟ್ರಯಲ್ 2020ರ ಜೂನ್‌ನ್ಯಾಗ ತೋರಿಸ್ತು, ವೆಂಟಿಲೇಟರ್ ಮ್ಯಾಲ ಇದ್ದವ್ರಾಗ ಸಾವು ನೂರಕ್ಕ 41ರಿಂದ 29ಕ್ಕ ಇಳದದ. ಆದ್ರ ಆಕ್ಸಿಜನ್ ಬೇಕಾಗದವ್ರಿಗೆ ಅದರಿಂದ ಲಾಭ ಇಲ್ಲ ಅಂತನೂ ಅದೇ ಟ್ರಯಲ್ ಹೇಳಿತ್ತು. ನಮ್ಮ ಕಡೆ ಜ್ವರ ಬಂದ ಎರಡನೇ ದಿನಕ್ಕ ಚೀಟಿ ಇಲ್ಲದ ನುಂಗಿದ್ರು, ಶುಗರ್ ಇದ್ದವ್ರು ನುಂಗಿದ್ರು, ಬ್ಲ್ಯಾಕ್ ಫಂಗಸ್ ಹಂಗ ಹೆಚ್ಚಾಗಾಕೂ ಅದು ಒಂದ್ ಕಾರಣ.

ಒಂದ್ ಹಳೇ ಸಂಗ್ತಿ ಹೇಳ್ತೀನಿ, ನಿಮ್ಮ ಅವ್ವಾರಿಗೂ ಹೇಳ್ರಿ. 1952ರಾಗ ಡೆನ್ಮಾರ್ಕಿನ ಕೋಪನ್‌ಹೇಗನ್‌ನ್ಯಾಗ ಪೋಲಿಯೊ ಬಂದು ಸಣ್ಣ ಸಣ್ಣ ಹುಡುಗ್ರು ಉಸಿರಾಡಾಕ ಬರದಂಗ ಆಗಿ ಸಾಯಾಕತ್ತಿದ್ರು, ಆಗ ಇದ್ದ ಉಸಿರಿನ ಮಷಿನ್ ಬೆರಳೆಣಿಕಿ. ಬ್ಯೋರ್ನ್ ಇಬ್ಸೆನ್ ಅನ್ನೂ ಅರವಳಿಕೆ ಡಾಕ್ಟ್ರು ಗಂಟ್ಲಿಗೆ ಟ್ಯೂಬ್ ಹಾಕಿ ರಬ್ಬರ್ ಬ್ಯಾಗ್ ಕೈಯಿಂದ ಒತ್ತಿ ಉಸಿರು ಕೊಟ್ರ ಹೆಂಗ ಅಂದ್ರು. ಸುಮಾರು 1500 ಮೆಡಿಕಲ್ ಸ್ಟೂಡೆಂಟ್ಸು ಪಾಳಿ ಮ್ಯಾಲ ಕುಂತು ಹಗಲೂ ರಾತ್ರಿ ಬ್ಯಾಗ್ ಒತ್ತಿದ್ರು. ನೂರಕ್ಕ 80ಕ್ಕೂ ಮ್ಯಾಲಿದ್ದ ಸಾವು ಅರ್ಧಕ್ಕ ಇಳೀತು. ಮುಂದಿನ ವರ್ಷ ಅಲ್ಲೇ ಐಸಿಯು ಅನ್ನೂದು ಚಾಲು ಆತು. ಪೋಲಿಯೊಕ್ಕ ಅವತ್ತು ಔಷಧ ಇರ್ಲಿಲ್ಲ, ಇವತ್ತೂ ಇಲ್ಲ. ಐಸಿಯು ಹುಟ್ಟಿದ್ದೇ ಮನಷ್ಯಾರ ಕೈಯಾಗ್ರಿ. 2021ರಾಗ ಸರ್ಕಾರದವ್ರು ವೆಂಟಿಲೇಟರ್ ಲೆಕ್ಕ ಕೊಡ್ತಿದ್ರು, ಟಿವಿಯವ್ರು ಇಂಜೆಕ್ಷನ್ ಲೆಕ್ಕ ಕೇಳ್ತಿದ್ರು, ರಾತ್ರಿ ಪಾಳಿಗೆ ಎಷ್ಟ್ ಮಂದಿ ಸಿಸ್ಟರ್ ಅದಾರ ಅಂತ ಯಾರೂ ಕೇಳ್ಲಿಲ್ಲ. ಆ ರೋಗ ನನಗ ಕಲಿಸಿದ್ದು ಇದು.

ಮನಿಯವ್ರನ್ನ ಒಳಗ ಬಿಡ್ಲಿಲ್ಲ ಅನ್ನೂದು ಮಾತ್ರ ನನಗ ಇವತ್ತೂ ಒಪ್ಪಿಗಿ ಇಲ್ಲ. ಒಂದ್ ಪಿಪಿಇ ಹಾಕಿ ಐದ್ ನಿಮಿಷ ಕೈ ಹಿಡೀಲಿಕ್ಕೆ ಬಿಡ್ಬೇಕಿತ್ತು. ಸಂಜಿಕ್ಕ ಫೋನ್ ಹಚ್ಚಿ "ಸ್ಥಿತಿ ಗಂಭೀರ ಅದ" ಅನ್ನೂದು ಸಾಲದು.

ಸ್ಟಾಫ್ ನರ್ಸ್ ಬಾಗಲಕೋಟಿ

ಸರ್ ಹೇಳಿದ್ದು ಖರೇನ್ರಿ. ವೆಂಟಿಲೇಟರ್ ಪೇಷಂಟ್ ಒಬ್ರಿಗೆ ಒಬ್ಬ ಸಿಸ್ಟರ್ ಇರ್ಬೇಕು ಅಂತ ನಾವು ಓದಿದ್ದು, ಆ ಟೈಮಿನ್ಯಾಗ ಒಬ್ಬಾಕಿ ನಾಕೈದ್ ಬೆಡ್ ನೋಡ್ತಿದ್ವಿ. ಟ್ಯೂಬಿನ್ಯಾಗ ಕಫ ಕಟ್ಟಿದ್ರ ಸಕ್ಷನ್, ಮೂಗಿನ ನಳಿಯಿಂದ ಊಟ, ಬಾಯಿ ಸ್ವಚ್ಛ ಮಾಡೂದು, ಮೈ ಒರಸೂದು, ಬೆನ್ನಿಗೆ ಹುಣ್ಣಾಗದಂಗ ಮಗ್ಗಲಾ ಬದಲ್ಸೂದು. ಆಕ್ಸಿಜನ್ದು ಬ್ಯಾರೆ ಚಿಂತಿ. ದೊಡ್ಡ ಜಂಬೊ ಸಿಲಿಂಡರ್‌ನ್ಯಾಗ ಸುಮಾರ್ 7000 ಲೀಟರ್ ಇರ್ತೈತಿ, ಹೈ ಫ್ಲೋ ಮಷಿನ್ ನಿಮಿಷಕ್ಕ 60 ಲೀಟರ್ ಎಳದ್ರ ಒಬ್ಬ ಪೇಷಂಟ್‌ಗೆ ಎರಡ್ ತಾಸೂ ಬರಂಗಿಲ್ಲ. ತೋರಣಗಲ್ಲ ಸ್ಟೀಲ್ ಫ್ಯಾಕ್ಟರಿಯಿಂದ ಟ್ಯಾಂಕರ್ ಹೊಂಟಾವು ಅಂತ ಸುದ್ದಿ ಬಂದ್ರ ಸಾಕು ಎಲ್ಲಾರ ಮಕಾ ಬದಲ ಆಗ್ತಿತ್ತು.

ಒಂದ್ ಹೇಳ್ತೀನ್ರಿ ಅಣ್ಣಾ. ಬದಾಮಿ ಕಡೆಯಿಂದ ಒಬ್ಬ ಅಮ್ಮ ಬಂದಿದ್ರು, ಎರಡೂ ಮುಂಗೈ ತುಂಬ ಹಸರ ಗಾಜಿನ ಬಳಿ. ಮಣಿಕಟ್ಟಿಗೆ ಲೈನ್ ಹಾಕ್ಬೇಕು, ಬಳಿ ತಗೀರಿ ಅಂತ ಅಂದ್ರು, ಬಾತು ಹೋದ ಕೈಯಿಂದ ಅವು ಹೊರಗ ಬರಂಗಿಲ್ಲ, ಒಡೀಬೇಕಾಗ್ತೈತಿ. ಅವರ ಯಜಮಾನ್ರು ಬಾಜೂ ವಾರ್ಡಿನ್ಯಾಗ ಆಕ್ಸಿಜನ್ ಮ್ಯಾಲ ಇದ್ರು. ನಮ್ಮೊಳಗ ಹಿರೇ ಸಿಸ್ಟರ್ ಒಬ್ರು ಇದ್ರು, ಅವರು ಒಡಿಯಾಕ ಬಿಡ್ಲಿಲ್ಲ, ಬಳಿ ಎಲ್ಲಾ ಮೊಣಕೈ ಕಡೆ ಸರಿಸಿ ಹತ್ತಿ ಇಟ್ಟು ಬ್ಯಾಂಡೇಜ್ ಸುತ್ತಿದ್ರು, ಬೋರಲ ಹಾಕುವಾಗ ಒಂದೂ ಚುಚ್ಚಬಾರ್ದು ಅಂತ ಕೈಯಿಂದ ಮುಟ್ಟಿ ಮುಟ್ಟಿ ನೋಡಿ. ಆ ಗದ್ದಲದಾಗ ಅಷ್ಟು ಹೊತ್ತು ಅವರು ಅದಕ್ಕ ಕೊಟ್ರು. ಆ ಅಮ್ಮ ಉಳದ್ರು. ಸ್ನಾಯು ಎಲ್ಲಾ ಸೋತು ಚಮಚಾ ಎತ್ತಾಕ ಬರ್ತಿರ್ಲಿಲ್ಲ, ನಿಂದ್ರಾಕ ವಾರಗಟ್ಲೆ ಹಿಡೀತು, ಆದ್ರ ಇಬ್ರೂ ಕೂಡೇ ಮನಿಗೆ ಹೋದ್ರು.

ನಿಮ್ಮ ಅಪ್ಪಾರ ಬಾಜೂಕೂ ಅಂಥಾ ಯಾರೋ ಒಬ್ಬಾಕಿ ನಿಂತಿರ್ತಾಳ್ರಿ. ಟ್ಯೂಬ್ ಹಾಕಿ ಮಲಗಿಸಿದವ್ರ ಕೂಡನೂ ನಾವು ಮಾತಾಡ್ತೀವಿ, ಕಾಕಾ ಈಗ ಮಗ್ಗಲಾ ಬದಲ್ಸ್ತೀವಿ, ಕಾಕಾ ಸ್ವಲ್ಪ ಕೆಮ್ಮು ಬರ್ತೈತಿ ಅಂತ. ಅವ್ವಗ ಇದನ್ನ ಹೇಳ್ರಿ.

ಟಿಳಕವಾಡಿ ಮಾಸ್ತರು

ನಾನು ಬೆಳಗಾವಿಯಿಂದ. ವೆಂಟಿಲೇಟರ್ ಹಾಕಿದ್ರ ಮುಗೀತು ಅನ್ನೋರಿಗೆ ನಮ್ಮ ಮನಿಯವ್ರನ್ನ ತೋರಸ್ಬೇಕು. 2020ರಾಗ ಹಾಕಿದ್ರು, ಬದುಕಿ ಬಂದ್ಲು, ಈಗ ಮುಂಜಾನಿ ವ್ಯಾಕ್ಸಿನ್ ಡಿಪೋ ಮೈದಾನದಾಗ ವಾಕಿಂಗ್ ಮಾಡ್ತಾಳ. ಆ ಡಿಪೋದಾಗ ಒಂದ್ ಕಾಲಕ್ಕ ಸಿಡುಬಿನ ಲಸಿಕಿ ತಯಾರ್ ಮಾಡ್ತಿದ್ರು, ಈಗಿನ ಹುಡುಗ್ರಿಗೆ ಗೊತ್ತಿಲ್ಲ.

ಆದ್ರ ಮನಿಗೆ ಬಂದ ಮ್ಯಾಲಿನ ಕಷ್ಟ ನಮಗ್ಯಾರೂ ಮೊದಲ ಹೇಳಿರ್ಲಿಲ್ಲ. ಯಾರೋ ನನ್ನ ಕಟ್ಟಿಹಾಕ್ಯಾರ, ಗ್ವಾಡಿ ಮ್ಯಾಲ ನೀರ್ ಹರ್ಯಾಕತ್ತೈತಿ ಅಂತ ರಾತ್ರಿ ಎದ್ದು ಕುಂಡರ್ತಿದ್ಲು. ಹುಚ್ಚು ಹಿಡೀತೇನೋ ಅಂತ ನಾವು ಹೆದ್ರಿದ್ವಿ. ಆಮ್ಯಾಲ ಡಾಕ್ಟ್ರು ಹೇಳಿದ್ರು, ಐಸಿಯುದಾಗ ಭಾಳ ದಿನ ಇದ್ದವ್ರಿಗೆ ಹಿಂಗ ಆಗ್ತೈತಿ, ಮರವೂ ಆಗ್ತೈತಿ, ಸಾವಕಾಶ ಕಡಿಮಿ ಆಗ್ತೈತಿ ಅಂತ. ಬದುಕಿ ಬಂದವ್ರ ಮನಿಯವ್ರು ಇದನ್ನ ಓದ್ತಿದ್ರ ಹೆದರ್ಬ್ಯಾಡ್ರಿ, ಡಾಕ್ಟ್ರಿಗೆ ಹೇಳ್ರಿ.

ಜಮಖಂಡಿ ಹುಡುಗ

ಎಲ್ಲಾರಿಗೂ ಕೈ ಮುಗದು ಹೇಳ್ತೀನ್ರಿ. ಬಳಿ ಸುದ್ದಿ ಅವ್ವಗ ಓದಿ ಹೇಳಿದೆ, ಎರಡ್ ಸಲ ಓದಿಸಿದ್ಲು. ಸರ್, ಒಂದ ಕೇಳ್ಬೇಕು. ಅಪ್ಪಗ ನೋವು ಆಗ್ತಿತ್ತೇನ್ರಿ ಒಳಗ?

ಐಸಿಯು ಡಾಕ್ಟರ್ ವಿಜಯಪುರ

ಟ್ಯೂಬ್ ಹಾಕೂ ಮೊದಲ ಆ ದಮ್ಮು, ಆ ಗಾಬರಿ, ಅದು ಕಷ್ಟ ಇರ್ತದ, ನಾ ಸುಳ್ಳು ಹೇಳಂಗಿಲ್ಲ. ಬಿಗಿ ಮಾಸ್ಕ್ ಹಾಕಿದ ಬೈಪ್ಯಾಪ್ ದಿನಗಳು ಎಲ್ಲಾಕ್ಕಿಂತ ಕಠಿಣ. ಟ್ಯೂಬ್ ಹಾಕಿದ ಮ್ಯಾಲ ಫೆಂಟನಿಲ್, ಮಿಡಾಜೋಲಮ್ ಅಂಥಾ ಔಷಧ ಪಂಪಿನ ಮ್ಯಾಲ ಸತತ ನಡದಿರ್ತದ, ಒಂದು ನೋವಿಗೆ, ಒಂದು ನಿದ್ದಿಗೆ. ಮುಖ ಗಂಟಿಕ್ಕಿದ್ರ, ನಾಡಿ ಜೋರಾದ್ರ ಸಿಸ್ಟರ್ ಗಮನಿಸಿ ಡೋಸ್ ಹೆಚ್ಚ ಮಾಡಸ್ತಾರ. ನಿಮ್ಮ ಅಪ್ಪಾರಿಗೂ ಹಂಗ ಮಾಡಿರ್ತಾರ ಅಂತ ನಾ ನಂಬ್ತೀನಿ.

ತಂಗಿ ಹೋಗ್ಲಿ. ನಮಗ ಅಂಥವ್ರು ಬೇಕು.

ಸ್ಟಾಫ್ ನರ್ಸ್ ಬಾಗಲಕೋಟಿ

ತಂಗಿಗೆ ಹೇಳ್ರಿ, ಜಾಯಿನ್ ಆಗೂ ಮೊದಲ ಪಗಾರ ಕೇಳಿದಂಗ ಇದನ್ನೂ ಕೇಳ್ಲಿ, ನೈಟ್ ಡ್ಯೂಟಿಗೆ ಒಬ್ರಿಗೆ ಎಷ್ಟ್ ಬೆಡ್ ಅಂತ. ಮೊದಲ ಮೂರ್ ತಿಂಗಳು ಯಾರರ ಸೀನಿಯರ್ ಜೋಡಿ ಹಾಕ್ರಿ ಅಂತ ಧೈರ್ಯಾ ಮಾಡಿ ಕೇಳ್ಬೇಕು, ಒಬ್ಬಾಕಿನ ವೆಂಟಿಲೇಟರ್ ಮುಂದ ಬಿಟ್ರ ಒಪ್ಪಬಾರ್ದು. ಅಲಾರಾಂ, ಸಕ್ಷನ್, ಪಂಪು ಇವೆಲ್ಲಾ ಕೈಗೆ ಹತ್ತಾಕ ಟೈಮ್ ಬೇಕ್ರಿ. ಏನರ ಡೌಟ್ ಇದ್ರ ಆಕಿನ ಇಲ್ಲೇ ಬಂದು ಕೇಳ್ಲಿ, ನಾ ವಾರದಾಗ ಒಮ್ಮೆ ನೋಡ್ತಿರ್ತೀನಿ.