ಮೈಸೂರಿನ ‘ಸಬ್ಸಿಡಿ’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಮೈಸೂರು ಸಂಸ್ಥಾನದ ಬಗೆಗಿನ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸಬ್ಸಿಡಿ’ ಬಂದಲ್ಲೆಲ್ಲ ಅಭ್ಯಾಸಬಲದಿಂದ ‘ಸಹಾಯಧನ’ ಎಂದು ಬರೆದಿದ್ದೆ. ಕರಡು ಓದಿದ ಮಗಳು, “ಅಪ್ಪಾ, ಬ್ರಿಟಿಷರು ಮೈಸೂರಿಗೆ ವರ್ಷವರ್ಷ ಅಷ್ಟೊಂದು ದುಡ್ಡು ಕೊಡ್ತಿದ್ರಾ?” ಎಂದಳು. ಕೊಡುತ್ತಿದ್ದದ್ದು ಮೈಸೂರು! ನನ್ನ ಒಂದು ಪದದಿಂದ ಚರಿತ್ರೆಯೇ ತಲೆಕೆಳಗಾಗಿತ್ತು.

1799ರ ಜುಲೈ ಒಪ್ಪಂದದಂತೆ, ಇನ್ನೂ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಸಂಸ್ಥಾನ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಖರ್ಚಿಗೆಂದು ವರ್ಷಕ್ಕೆ 7 ಲಕ್ಷ ವರಹ, ಎಂದರೆ 24.5 ಲಕ್ಷ ರೂಪಾಯಿ, ತಿಂಗಳ ಕಂತುಗಳಲ್ಲಿ ಕಟ್ಟಬೇಕಿತ್ತು. ಕಂತು ತಪ್ಪುವ ಭಯವಿದ್ದರೆ ಆಡಳಿತವನ್ನೇ ವಹಿಸಿಕೊಳ್ಳುವ ಹಕ್ಕು ಕಂಪನಿಗೆ. ನಗರ ಪ್ರಾಂತ್ಯದ (ಬಿದನೂರು ಸೀಮೆಯ) ರೈತರ ದಂಗೆಯ ಬಳಿಕ, 1831ರಲ್ಲಿ, ಗವರ್ನರ್ ಜನರಲ್ ಬೆಂಟಿಂಕ್ ಆಡಳಿತ ಕಿತ್ತುಕೊಂಡದ್ದು ಈ ಒಪ್ಪಂದವನ್ನೇ ಮುಂದಿಟ್ಟು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ ಮೊತ್ತವನ್ನು 35 ಲಕ್ಷ ರೂಪಾಯಿಗೆ ಏರಿಸುವ ಷರತ್ತೂ ಜೊತೆಗೇ ಬಂತು.

ಲ್ಯಾಟಿನ್ನಿನ ‘ಸಬ್ಸಿಡಿಯಂ’ ಎಂದರೆ ಮೊದಲಿಗೆ ರಣರಂಗದಲ್ಲಿ ಹಿಂದೆ ಕಾಯ್ದಿರಿಸಿದ ಪಡೆ. ಹಾಗಾಗಿ ಪಠ್ಯಪುಸ್ತಕದ ‘ಸಹಾಯಕ ಸೈನ್ಯ ಪದ್ಧತಿ’ ಒಪ್ಪುವ ಮಾತೇ. ಆದರೆ ಅಲ್ಲಿ ‘ಸಹಾಯ’ ಸೈನ್ಯಕ್ಕೆ ಅಂಟಿದ್ದು, ಹಣಕ್ಕಲ್ಲ. ಇಂದಿನ ಓದುಗರಿಗೆ ಸಹಾಯಧನ ಎಂದರೆ ಹನಿ ನೀರಾವರಿಗೆ ಸರ್ಕಾರ ರೈತರಿಗೆ ಕೊಡುವ ಹಣ.

‘ಕಪ್ಪ’ ಎನ್ನಬಹುದೆ? ಸೋತವನು ಗೆದ್ದವನಿಗೆ ಒಪ್ಪಿಸುವುದು ಕಪ್ಪ. ಒಪ್ಪಂದ ಹಾಗೆ ಹೇಳುವುದಿಲ್ಲ, ಸೇನೆಯ ಖರ್ಚು ಎನ್ನುತ್ತದೆ. ನಡೆದದ್ದಕ್ಕೆ ಕಪ್ಪವೇ ಹತ್ತಿರ ಎಂದು ನನ್ನ ಮನಸ್ಸು ಹೇಳಿದರೂ, ಅನುವಾದಕನಾಗಿ ಒಪ್ಪಂದದ ಮಾತನ್ನು ಬದಲಿಸುವ ಅಧಿಕಾರ ನನಗಿಲ್ಲ. ಬರೀ ‘ಸೇನಾವೆಚ್ಚ’ ಎಂದರೆ ಕೊಡುವವರ ಅಧೀನಸ್ಥಿತಿಯೇ ಮರೆಯಾಗುತ್ತದೆ.

ಉಳಿದದ್ದು ‘ಪೊಗದಿ’. ಹಳಬರ ಬರಹಗಳಲ್ಲಿ ಕಾಣುವ ಈ ಪದ ನನಗೆ ಬಹಳ ಇಷ್ಟ. ಕೊಡುವವರು ಅಧೀನರು, ಕೊಡದೆ ವಿಧಿಯಿಲ್ಲ ಎಂಬೆರಡೂ ಅದರಲ್ಲಿವೆ. ಆದರೆ ಮಗಳು ಈ ಪದವನ್ನು ಕೇಳಿಯೇ ಇಲ್ಲ. ಮೊದಲ ಸಲ ‘ಸೇನಾವೆಚ್ಚದ ಪೊಗದಿ’ ಎಂದು ಬಿಡಿಸಿ ಬರೆದು, ಮುಂದೆ ‘ಪೊಗದಿ’ ಎಂದಷ್ಟೇ ಇಟ್ಟುಕೊಂಡರೆ ಹೇಗೆ?

ಹಳೆಯ ದಫ್ತರಗಳಲ್ಲಿ ಈ ಹಣಕ್ಕೆ ಬೇರೆ ಹೆಸರು ಕಂಡವರಿದ್ದರೆ ದಯವಿಟ್ಟು ತಿಳಿಸಿ. ಇನ್ನೊಂದು: ‘ಪೊಗದಿ ಸಲ್ಲಿಸು’ ಸರಿಯೋ, ‘ಪೊಗದಿ ಕಟ್ಟು’ ಎಂಬ ಬಳಕೆಯೂ ಇದೆಯೋ?