ಸಹಾಯ ಬೇಕು: ರವದಿ ಹೊದಿಸಿದ ಸಾಲಲ್ಲೇ ದ್ರಾಕ್ಷಿ ಎಲೆ ಹಳದಿ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕು. ಎರಡು ಎಕರೆ ಥಾಮ್ಸನ್ ದ್ರಾಕ್ಷಿ, ಎರೆ ಮಣ್ಣು, ಡ್ರಿಪ್ ಇದೆ. ನಮ್ಮ ಕಡೆ ನೀರಿನ ಪರದಾಟ ಗೊತ್ತೇ ಇದೆಯಲ್ಲ, ಅದಕ್ಕೇ ಏಪ್ರಿಲ್ ಚಾಟ್ನಿ (ಬಳ್ಳಿ ಕತ್ತರಿಸೋದು) ಆದ ಮೇಲೆ ಅರ್ಧ ತೋಟಕ್ಕೆ ಕಬ್ಬಿನ ರವದಿಯನ್ನು, ಅಂದರೆ ಒಣಗಿದ ಕಬ್ಬಿನ ಎಲೆಯನ್ನು, ನಾಲ್ಕು ಬೆರಳು ದಪ್ಪ ಹೊದಿಸಿದೆ.

ಮಣ್ಣು ಮೆತ್ತಗಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮಧ್ಯಾಹ್ನದ ಬಿಸಿಲಲ್ಲೂ ರವದಿ ಸರಿಸಿದರೆ ತಂಪು, ಎರೆಹುಳ ಕಾಣುತ್ತವೆ. ಆದರೆ ಅದೇ ಸಾಲುಗಳಲ್ಲಿ ಕೆಳಗಿನ ಹಳೇ ಎಲೆ ಹಳದಿ, ಚಿಗುರೂ ನಿಧಾನ. ರವದಿ ಇಲ್ಲದ ಕಡೆ ಹಸಿರಾಗಿದೆ. ಗೊಬ್ಬರ ಎರಡೂ ಕಡೆ ಒಂದೇ.

ರವದಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ ಅಂತ ಓದಿ, ಡ್ರಿಪ್‌ನಲ್ಲಿ ಎರಡು ಸಲ ಯೂರಿಯಾ ಬಿಟ್ಟೆ. ಸ್ವಲ್ಪ ಹಸಿರಾಗಿ ಮತ್ತೆ ಹಾಗೇ ಆಯ್ತು. ಇನ್ನೂ ಜಾಸ್ತಿ ಕೊಡೋಕೆ ಭಯ, ಬಳ್ಳಿ ಸುಮ್ನೆ ಸೊಕ್ಕಿ ಬೆಳೆದು ಕಡ್ಡಿಯ ಕಣ್ಣಲ್ಲಿ (ಮೊಗ್ಗಲ್ಲಿ) ಗೊನೆ ಕಟ್ಟದಿದ್ದರೆ ವರ್ಷವೇ ಹೋಗುತ್ತದೆ ಅಲ್ವಾ. ಇನ್ನೊಂದು ಅನುಮಾನ, ನೀರು ಮೊದಲಿನಷ್ಟೇ ಬಿಡುತ್ತಿದ್ದೇನೆ, ರವದಿ ಕೆಳಗೆ ಮಣ್ಣು ಆರುತ್ತಲೇ ಇಲ್ಲ, ಬೇರಿಗೆ ಉಸಿರು ಕಟ್ಟಿದೆಯಾ?

ಇದು ಸಾರಜನಕದ ಕೊರತೆಯೋ, ನೀರು ಜಾಸ್ತಿ ಆಗಿದ್ದೋ, ತೋಟದಲ್ಲಿ ನಿಂತು ಗುರುತಿಸುವುದು ಹೇಗೆ? ಎರೆ ಮಣ್ಣಲ್ಲಿ ರವದಿ ಹೊದಿಸಿದವರು ಡ್ರಿಪ್ ಎಷ್ಟು ಕಡಿಮೆ ಮಾಡಿದಿರಿ?