ಕಡಲುಗಳ್ಳ ಸಿಲ್ವರ್ ಯಾಕೆ ಇಷ್ಟವಾಗ್ತಾನೆ?

ವಿಜಯಪುರದಿಂದ: ಮಗಳಿಗೆ 1883ರ ‘ಟ್ರೆಷರ್ ಐಲೆಂಡ್’ ಕಾದಂಬರಿ ಓದಿ ಹೇಳುತ್ತಿದ್ದೇನೆ. ಕಥೆಯ ಹೀರೋ, ಹುಡುಗ ಜಿಮ್, ಸೇಬಿನ ಪೀಪಾಯಿಯೊಳಗೆ ಕೂತು ಸಿಲ್ವರನ ಸಂಚು ಕೇಳಿಸಿಕೊಂಡ ಮೇಲೂ ಅವಳು ಸಿಲ್ವರನ ಪರವೇ! ಯಾಕ್ರೀ ಹೀಗೆ?

ಬಾಗಲಕೋಟೆಯಿಂದ: ಒಂಟಿ ಕಾಲು, ಹೆಗಲ ಮೇಲೆ ಗಿಳಿ, ಬಾಯಿ ತುಂಬ ಸವಿಮಾತು. ಹೀರೋ ಹತ್ರ ಏನಿದೆ ಹೇಳ್ರಿ? ಕೊನೆಗೆ ಒಂದು ಚೀಲ ನಾಣ್ಯ ಹೊಡ್ಕೊಂಡು ಪಾರಾಗ್ತಾನೆ.

ವಿಜಯಪುರದಿಂದ: ಕೊನೆ ಹೇಳಿಬಿಟ್ರಲ್ಲ ಮಾರಾಯ್ರೇ!

ಬೆಳಗಾವಿಯಿಂದ: ನನಗೆ ಜೊತೆಗಾರರೇ ಜಾಸ್ತಿ ಇಷ್ಟ. ಜೂಲ್ಸ್ ವರ್ನ್ ಬರೆದ 80 ದಿನಗಳ ಲೋಕ ಸುತ್ತಾಟದ ಕಾದಂಬರಿಯಲ್ಲಿ ಹೀರೋ ಫಾಗ್ ಸುಮ್ನೆ ಇಸ್ಪೀಟು ಆಡ್ತಾ ಕೂರ್ತಾನೆ, ಆದರೆ ಸತಿ ಹೋಗಬೇಕಿದ್ದ ವಿಧವೆ ಔದಾಳನ್ನು ಚಿತೆಯ ಮೇಲಿಂದ ಎತ್ತಿಕೊಂಡು ಬರೋದು ಆಳು ಪಾಸ್‌ಪಾರ್ತೂ, ದಿನದ ಲೆಕ್ಕ ತಪ್ಪಿದ್ದು ಗೊತ್ತಾಗೋದೂ ಅವನಿಂದಲೇ.

ಬಾಗಲಕೋಟೆಯಿಂದ: ಹಾಗಾದ್ರೆ ವರ್ನ್ ಕಾದಂಬರಿಗಳಲ್ಲಿ ಬರೋ ಜಲಾಂತರ್ಗಾಮಿಯ ಕ್ಯಾಪ್ಟನ್ ನೆಮೊ? ಹಡಗು ಮುಳುಗಿಸ್ತಾನೆ, ನಿಜ. ಆದರೆ ಬುಂದೇಲಖಂಡದ ರಾಜಕುಮಾರ, 1857ರಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿದವನು. ನಾನಂತೂ ಖಳ ಅನ್ನಲ್ಲ.